ಸ್ಪರ್ಶಹೀನ ಪಾದವೂ ಕ್ಷ-ಕಿರಣ ಚಿತ್ರವೂ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ವೈದ್ಯಕೀಯದ ಇತಿಹಾಸವನ್ನು ಅರಸುವವರು ಮಿರಜವನ್ನು ಬಿಟ್ಟು ಮುಂದೆ ಹೋಗಲಾರರು. ವಿಲಿಯಂ ವಾನ್‌ಲೆಸ್ ಅವರು 1894ರಲ್ಲಿ ಅಲ್ಲಿ ಮಿಷನ್ ಆಸ್ಪತ್ರೆಯನ್ನು ತೆರೆದರು. ಶೇಡಬಾಳ, ರಾಯಬಾಗ, ಚಿಕ್ಕೋಡಿ ರೋಡ್ ನಿಲ್ದಾಣಗಳೆಲ್ಲ ಮಿರಜದ ರೈಲುದಾರಿಯ ಮೇಲೆಯೇ ಇವೆ. ನಿಪ್ಪಾಣಿಯವರಿಗೆ ಮಾತ್ರ ಕೊಲ್ಹಾಪುರವೂ ಸಮೀಪ. 1956ರಲ್ಲಿ ಬೆಳಗಾವಿ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿ ಮಿರಜವು ಗಡಿಯಾಚೆ ಉಳಿಯಿತಾದರೂ ರೋಗಿಗಳು ಹಿಡಿಯುವ ದಾರಿ ಬದಲಾಗಲಿಲ್ಲ. ಕುಷ್ಠರೋಗಿಗಳಿಗಾಗಿ ರಿಚರ್ಡ್‌ಸನ್ ಆಸ್ಪತ್ರೆಯೂ ಅಲ್ಲಿಯೇ ಇದ್ದಿತು. ನಾವು ವಿವೇಚಿಸಲಿರುವ ವ್ಯಾಧಿಗೂ ಕುಷ್ಠಕ್ಕೂ ನಿಕಟ ಸಂಬಂಧವುಂಟು.

ನರಗಳು ಕೆಟ್ಟು ಸ್ಪರ್ಶವೂ ನೋವೂ ಅಳಿದ ಪಾದದಲ್ಲಿ ಎಲುಬು ಬಿರಿದರೂ ಮನುಷ್ಯನು ನಡೆಯುತ್ತಲೇ ಇರುತ್ತಾನೆ. ಕೀಲು ತಾನಾಗಿ ಪುಡಿಯಾಗುತ್ತದೆ. ಫ್ರಾನ್ಸಿನ ಶಾರ್ಕೋ 1868ರಲ್ಲಿ ಇದನ್ನು ವಿಸ್ತಾರವಾಗಿ ವರ್ಣಿಸಿದನು. ಅವನು ಕಂಡದ್ದು ಪರಂಗಿ ರೋಗದಿಂದ ಬೆನ್ನುಹುರಿ ಕೆಟ್ಟವರನ್ನು. ರಂಟ್‌ಗೆನ್ ಕ್ಷ-ಕಿರಣವನ್ನು ಕಂಡುಹಿಡಿದದ್ದು 1895ರಲ್ಲಿ. ಆದುದರಿಂದ ಶಾರ್ಕೋನಿಗೆ ಜೀವಂತ ರೋಗಿಯ ಎಲುಬನ್ನು ನೋಡುವ ಸಾಧನವಿರಲಿಲ್ಲ. ಮಧುಮೇಹಕ್ಕೂ ಈ ವ್ಯಾಧಿಗೂ ಇರುವ ಸಂಬಂಧವನ್ನು ಅಮೆರಿಕದ ಜೋರ್ಡನ್ 1936ರಲ್ಲಿ ತೋರಿಸಿದನು.

ಭಾರತದ ಪಾಲು ಇಲ್ಲಿ ಅಲ್ಪವಲ್ಲ. 1946ರಲ್ಲಿ ವೆಲ್ಲೂರಿಗೆ ಬಂದ ಪಾಲ್ ಬ್ರಾಂಡ್ ಅವರು, ಕುಷ್ಠರೋಗಿಯ ಕೈಕಾಲು ಸವೆಯುವುದಕ್ಕೆ ಮಾಂಸ ಕೊಳೆಯುವುದು ಕಾರಣವಲ್ಲ, ನೋವಿಲ್ಲದೆ ಮತ್ತೆ ಮತ್ತೆ ತಗಲುವ ಪೆಟ್ಟೇ ಕಾರಣವೆಂದು ಪ್ರತಿಪಾದಿಸಿದರು. ಸ್ಪರ್ಶಹೀನ ಪಾದದ ನಡು ಎಲುಬುಗಳು ಯಾವ ಯಾವ ಕ್ರಮದಲ್ಲಿ ಕುಸಿಯುತ್ತವೆಂಬುದನ್ನು ಹ್ಯಾರಿಸ್ ಅವರೊಡನೆ 1966ರಲ್ಲಿ ಪ್ರಕಟಿಸಿದರು. ಅದೇ ವರ್ಷ ಐಕನ್‌ಹೋಲ್ಟ್ಸ್ ಕ್ಷ-ಕಿರಣ ಚಿತ್ರಗಳ ಆಧಾರದಿಂದ ರೋಗದ ಮೂರು ಅವಸ್ಥೆಗಳನ್ನು ಗುರುತಿಸಿದನು: ಎಲುಬು ಚೂರಾಗಿ ಕೀಲು ಸರಿಯುವುದು, ಚೂರುಗಳು ಕರಗಿ ಕೂಡಿಕೊಳ್ಳುವುದು, ವಿಕಾರವಾಗಿಯೇ ಗಟ್ಟಿಗೊಳ್ಳುವುದು.

ಈ ವಿಭಾಗವು ಉಪಯುಕ್ತವೆಂಬುದು ನಿಜ. ಆದರೆ ಅದರಲ್ಲಿ ಒಂದು ಕೊರತೆಯುಂಟು. ಮೊದಲನೆಯ ಅವಸ್ಥೆಗೂ ಹಿಂದೆ, ಪಾದವು ಕೆಂಪೇರಿ, ಬಿಸಿಯಾಗಿ, ಊದಿಕೊಂಡಿರುವಾಗ, ಕ್ಷ-ಕಿರಣ ಚಿತ್ರದಲ್ಲಿ ಏನೂ ಕಾಣದಿರಬಹುದು. ಪಾದವನ್ನು ಉಳಿಸಿಕೊಳ್ಳುವ ಕಾಲವಾದರೋ ಅದೇ! ಎಲುಬಿನ ಮಜ್ಜೆಯ ಊತವನ್ನು ಎಂ.ಆರ್.ಐ. ಆಗಲೇ ತೋರಿಸಬಲ್ಲದು. ಆದರೆ ಎಲುಬಿನೊಳಗಿನ ಸೋಂಕೂ ಅದರಲ್ಲಿ ಹೆಚ್ಚುಕಡಿಮೆ ಹಾಗೆಯೇ ಕಾಣುತ್ತದೆ. ಹುಣ್ಣೊಂದು ಚರ್ಮದಿಂದ ಎಲುಬಿನವರೆಗೆ ಇಳಿದಿದ್ದರೆ ಸೋಂಕಿನ ಶಂಕೆ ಬಲವಾಗುತ್ತದೆ. ಚರ್ಮವು ಅಖಂಡವಾಗಿದ್ದು, ವ್ಯಾಧಿಯು ನಡುಪಾದದ ಹಲವು ಕೀಲುಗಳಿಗೆ ಹಬ್ಬಿದ್ದರೆ ನರದೋಷದ ಕಡೆಗೆ ಮನಸ್ಸು ವಾಲಬೇಕು. ಇವೆರಡನ್ನು ಅದಲುಬದಲಾಗಿ ತಿಳಿದರೆ ಅನಗತ್ಯವಾಗಿ ಪಾದವನ್ನು ಕತ್ತರಿಸುವ ಪ್ರಸಂಗವೂ ಬಂದೀತು.

ಆದಕಾರಣ ಚಿತ್ರ ತೆಗೆಯುವ ಯಂತ್ರ ಎಷ್ಟು ಮುಂದುವರಿದಿದ್ದರೂ, ಪಾದಕ್ಕೆ ಸ್ಪರ್ಶವಿದೆಯೇ ಎಂಬ ಪರೀಕ್ಷೆಯು ಅದಕ್ಕಿಂತ ಮೊದಲು ನಡೆಯತಕ್ಕದ್ದೆಂದು ನಮ್ಮ ಅಭಿಪ್ರಾಯ. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯೊಂದು ಇದಕ್ಕೆ ಸಾಕು. ಕಬ್ಬಿನ ಗದ್ದೆಯಲ್ಲಿಯೂ ತಂಬಾಕಿನ ಹೊಲದಲ್ಲಿಯೂ ಬರಿಗಾಲಲ್ಲಿ ದುಡಿಯುವವನು, ಕಾಲು ಜೋಮು ಹಿಡಿದಿದೆಯೆನ್ನುತ್ತಾನೆಯೇ ಹೊರತು ನೋಯುತ್ತಿದೆಯೆನ್ನುವುದಿಲ್ಲ. ನೋವಿಲ್ಲದ್ದಕ್ಕೆ ಆಸ್ಪತ್ರೆಯ ದಾರಿ ಹಿಡಿಯುವವರು ವಿರಳ. ಹಿಂದೆ ಕುಷ್ಠವು ಮಾಡುತ್ತಿದ್ದ ಈ ಹಾನಿಯನ್ನು ಈಗ ಹೆಚ್ಚಾಗಿ ಮಧುಮೇಹವೇ ಮಾಡುತ್ತಿದೆ.

ಚಿಕಿತ್ಸೆಯಾದರೋ ಸರಳ, ದೀರ್ಘ. ಪಾದಕ್ಕೆ ಪ್ಲಾಸ್ಟರ್ ಕಟ್ಟಿ, ಅದರ ಮೇಲೆ ಭಾರ ಬೀಳದಂತೆ ತಿಂಗಳುಗಟ್ಟಲೆ ಕಾಯಬೇಕು. ಎರಡು ಪಾದಗಳ ತಾಪದ ಅಂತರವು 2 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿಳಿದು ಹಾಗೆಯೇ ನಿಂತ ಬಳಿಕ, ಮತ್ತೊಮ್ಮೆ ಚಿತ್ರ ತೆಗೆದು ನೋಡಿ, ಪ್ಲಾಸ್ಟರನ್ನು ಬಿಚ್ಚುತ್ತಾರೆ.