ನಮ್ಮವರಲ್ಲದವರ ಶುಶ್ರೂಷೆ

ನನ್ನ ರೆಸಿಡೆನ್ಸಿಯ ಮೊದಲ ವರ್ಷದ ಮಾತು. ಊರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಅಮೆರಿಕೆಗೆ ಬಂದು ಇನ್ನೂ ಆರು ತಿಂಗಳಾಗಿರಲಿಲ್ಲ. ನನ್ನ ವಾರ್ಡಿನಲ್ಲಿ ಬಂಧುಬಳಗವಿಲ್ಲದ ವೃದ್ಧರೊಬ್ಬರು ಕೊನೆಯ ದಿನಗಳನ್ನು ಎಣಿಸುತ್ತಿದ್ದರು. ಪ್ರತಿ ಸಂಜೆ ಒಬ್ಬ ಹಿರಿಯ ಹೆಂಗಸು ಬಂದು ಅವರ ಪಕ್ಕದಲ್ಲಿ ಕುಳಿತು, ತುಟಿಗೆ ನೀರು ಸವರಿ, ಪತ್ರಿಕೆ ಓದಿ ಹೇಳಿ ಹೋಗುತ್ತಿದ್ದರು.

"ಇವರು ನಿಮಗೆ ಏನಾಗಬೇಕು?" ಎಂದು ಒಂದು ದಿನ ಕೇಳಿದೆ.

"ಏನೂ ಆಗಬೇಕಿಲ್ಲ. ಯಾರೂ ಇಲ್ಲದವರ ಹತ್ತಿರ ನಮ್ಮ ಚರ್ಚಿನವರು ಸರದಿಯ ಮೇಲೆ ಬಂದು ಕೂರುತ್ತೇವೆ. ಈ ವಾರ ನನ್ನ ಸರದಿ."

"ಹಾಗಾದರೆ ಇವರು ನಿಮ್ಮ ಚರ್ಚಿನವರೇ?"

ಆಕೆ ನಕ್ಕರು. "ಅಲ್ಲ, ಇವರಿಗೆ ದೇವರಲ್ಲಿ ನಂಬಿಕೆಯೇ ಇಲ್ಲ."

ಆ ಉತ್ತರ ನನ್ನನ್ನು ಬಿಡಲಿಲ್ಲ. ನಾನು ಹಿಂದೂ ಮನೆತನದಲ್ಲಿ ಬೆಳೆದವಳು. ಕ್ರೈಸ್ತ ಧರ್ಮವೆಂದರೆ ನನಗೆ ಗೊತ್ತಿದ್ದದ್ದು ಕಾನ್ವೆಂಟ್ ಶಾಲೆ ಮತ್ತು ಕ್ರಿಸ್‌ಮಸ್ ನಕ್ಷತ್ರ, ಅಷ್ಟೇ. ಈ ಸರದಿಯ ಪದ್ಧತಿ ಎಲ್ಲಿಂದ ಬಂತು ಎಂಬ ಕುತೂಹಲ ಹುಟ್ಟಿತು. ಬಿಡುವಾದಾಗ ಓದಿ ತಿಳಿದದ್ದನ್ನು ಸಂಘದ ವಾರ್ಷಿಕೋತ್ಸವದ ಈ ಸಂದರ್ಭದಲ್ಲಿ ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ.

ಕ್ರಿ.ಶ. 250ರ ಸುಮಾರಿಗೆ ರೋಮನ್ ಸಾಮ್ರಾಜ್ಯವನ್ನು ಒಂದು ಮಹಾಮಾರಿ ಹೊಕ್ಕಿತು. ಇಂದಿನ ಟ್ಯುನೀಷಿಯಾದಲ್ಲಿರುವ ಕಾರ್ಥೇಜ್ ನಗರದ ಬಿಷಪ್ ಸಿಪ್ರಿಯನ್ ಅದರ ಲಕ್ಷಣಗಳನ್ನು ಬರೆದಿಟ್ಟಿದ್ದಾನೆ: ನಿಲ್ಲದ ಭೇದಿ, ವಾಂತಿ, ಗಂಟಲ ಹುಣ್ಣು, ಕೆಂಪೇರಿದ ಕಣ್ಣು, ಕೆಲವರಲ್ಲಿ ಕೊಳೆತುಹೋದ ಕಾಲು. ಅದು ಯಾವ ರೋಗವೆಂಬುದರಲ್ಲಿ ವಿದ್ವಾಂಸರಿಗೆ ಇಂದಿಗೂ ಒಮ್ಮತವಿಲ್ಲ. ಕ್ರೈಸ್ತರು ಆಗ ಸಣ್ಣ ಪಂಗಡ. ಡೀಸಿಯಸ್ ಚಕ್ರವರ್ತಿಯ ಕಾಲದ ಹಿಂಸೆಯ ಗಾಯ ಇನ್ನೂ ಹಸಿಯಾಗಿತ್ತು. ಜನ ತಮ್ಮ ಮನೆಯ ರೋಗಿಗಳನ್ನೇ ಬಿಟ್ಟು ದೂರ ಸರಿಯುತ್ತಿದ್ದಾಗ ಸಿಪ್ರಿಯನ್ ತನ್ನವರನ್ನು ಒಂದೆಡೆ ಕೂಡಿಸಿದನೆಂದು ಅವನ ಜೀವನಚರಿತ್ರೆ ಬರೆದ ಪೊಂಟಿಯಸ್ ಹೇಳುತ್ತಾನೆ. ನಮ್ಮವರನ್ನಷ್ಟೇ ನೋಡಿಕೊಂಡರೆ ಅದರಲ್ಲಿ ದೊಡ್ಡಸ್ತಿಕೆಯೇನೂ ಇಲ್ಲ, ನಮ್ಮನ್ನು ದ್ವೇಷಿಸಿದವರನ್ನೂ ನೋಡಿಕೊಳ್ಳಬೇಕು ಎಂಬುದು ಅವನ ಮಾತಿನ ಸಾರ. ಹಣವಿದ್ದವರು ಹಣ ಕೊಟ್ಟರು. ಇಲ್ಲದವರು ಮೈಮುರಿದು ದುಡಿದರು.

ಆಗ ಆ ರೋಗಕ್ಕೆ ಔಷಧವಿರಲಿಲ್ಲ. ಆದರೆ ಭೇದಿಯಿಂದ ಬಳಲಿದವರಿಗೆ ಗುಟುಕು ಗುಟುಕಾಗಿ ನೀರು ಕುಡಿಸಿ, ಗಂಜಿ ಕೊಟ್ಟು, ಮೈ ಒರೆಸುವ ಒಬ್ಬರಿದ್ದರೆ ಬದುಕುವ ಸಂಭವ ಎಷ್ಟು ಹೆಚ್ಚುತ್ತದೆಂದು ನಮ್ಮಂಥ ವೈದ್ಯರಿಗೆ ಚೆನ್ನಾಗಿ ಗೊತ್ತು. ಅಮೆರಿಕದ ಸಮಾಜಶಾಸ್ತ್ರಜ್ಞ ರಾಡ್ನಿ ಸ್ಟಾರ್ಕ್ 1996ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಆ ಧರ್ಮ ಬೆಳೆದದ್ದಕ್ಕೆ ಇಂಥ ಶುಶ್ರೂಷೆಯೂ ಒಂದು ಕಾರಣವೆಂದು ವಾದಿಸಿದ್ದಾರೆ.

ಇದೆಲ್ಲ ಅವರ ಕಡೆಯವರೇ ಬರೆದುಕೊಂಡ ಹೊಗಳಿಕೆಯಲ್ಲವೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೆ ವಿರೋಧಿಯ ಸಾಕ್ಷ್ಯವೇ ಇದೆ. 361ರಿಂದ 363ರವರೆಗೆ ಆಳಿದ ಚಕ್ರವರ್ತಿ ಜೂಲಿಯನ್ ಕ್ರೈಸ್ತ ಧರ್ಮವನ್ನು ತೊರೆದು ಹಳೆಯ ದೇವತೆಗಳ ಪೂಜೆಯನ್ನು ಮತ್ತೆ ನಿಲ್ಲಿಸಲು ಹೊರಟವನು. ಗಲಾಟಿಯ ಪ್ರಾಂತದ ಪ್ರಧಾನ ಅರ್ಚಕನಿಗೆ 362ರಲ್ಲಿ ಬರೆದ ಪತ್ರದಲ್ಲಿ ಆತ ಸಂಕಟಪಡುತ್ತಾನೆ: ಇವರು ತಮ್ಮ ಬಡವರ ಜೊತೆಗೆ ನಮ್ಮ ಬಡವರನ್ನೂ ಸಲಹುತ್ತಿದ್ದಾರೆ, ನಮ್ಮ ಜನಕ್ಕೆ ನಮ್ಮವರಿಂದ ಏನೂ ಸಿಗುತ್ತಿಲ್ಲ, ಇದು ನಮಗೆ ನಾಚಿಕೆಗೇಡು. ಊರೂರಿನಲ್ಲಿ ಧರ್ಮಛತ್ರಗಳನ್ನು ಕಟ್ಟಿಸಬೇಕೆಂದು ಆಜ್ಞೆ ಮಾಡಿ, ಧಾನ್ಯವನ್ನೂ ದ್ರಾಕ್ಷಾರಸವನ್ನೂ ಮಂಜೂರು ಮಾಡಿದ. ಎದುರಾಳಿ ಕೊಟ್ಟ ಇಂಥ ಪ್ರಮಾಣಪತ್ರ ಚರಿತ್ರೆಯಲ್ಲಿ ಅಪರೂಪ.

ಮುಂದೆ ಈ ಮನೆಬಾಗಿಲ ಸೇವೆಗೆ ಕಟ್ಟಡಗಳೂ ಬಂದವು. ಇಂದಿನ ಟರ್ಕಿಯ ಕೈಸೇರಿ ಆಗ ಸಿಸೇರಿಯ ಎಂಬ ಪಟ್ಟಣ. 370ರಲ್ಲಿ ಅಲ್ಲಿ ಬಿಷಪ್ ಆದ ಬೇಸಿಲ್ ಊರ ಹೊರಗೆ ರೋಗಿಗಳಿಗೆ, ಬಡವರಿಗೆ, ದಾರಿಹೋಕರಿಗೆ ಆಶ್ರಯ ಕಟ್ಟಿಸಿ ವೈದ್ಯರನ್ನೂ ದಾದಿಯರನ್ನೂ ನೇಮಿಸಿದ. ಎಲ್ಲರೂ ಅಟ್ಟುತ್ತಿದ್ದ ಕುಷ್ಠರೋಗಿಗಳಿಗೂ ಅಲ್ಲಿ ಜಾಗವಿತ್ತು. ರೋಮ್ ನಗರದಲ್ಲಿ 390ರ ಸುಮಾರಿಗೆ ಫೇಬಿಯೋಲ ಎಂಬ ಶ್ರೀಮಂತ ಮಹಿಳೆ ಆಸ್ತಿ ಮಾರಿ ಆಸ್ಪತ್ರೆ ತೆರೆದು, ಕೀವು ಸೋರುವ ಗಾಯಗಳನ್ನು ತಾನೇ ತೊಳೆದಳು. ರೋಮನ್ನರಲ್ಲಿ ಅದಕ್ಕೂ ಮೊದಲು ಸೈನಿಕರಿಗೆ ಚಿಕಿತ್ಸಾಲಯಗಳಿದ್ದವು. ಆದರೆ ದಿಕ್ಕಿಲ್ಲದ ಯಾರು ಬೇಕಾದರೂ ಬರಬಹುದಾದ ಬಾಗಿಲು ಅಲ್ಲಿ ಹೊಸದು.

ಈ ಗುಣ ಒಂದೇ ಧರ್ಮದ ಸೊತ್ತೆಂದು ನಾನು ಹೇಳುತ್ತಿಲ್ಲ. ಅದೇ ಧರ್ಮದ ಹೆಸರಿನಲ್ಲಿ ಮುಂದೆ ಯುದ್ಧಗಳೂ ನಡೆದವು. ನಮ್ಮ ನಾಡಿನಲ್ಲೇ, ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನ, ಆ ಮಠವು ಕುರುಡರು, ಕುಂಟರು, ದಿಕ್ಕಿಲ್ಲದವರಿಗೆ ಅನ್ನ ಸಿಗುವ ತಾಣ, ಅನಾಥ ರೋಗಿಗಳಿಗೆ ಮದ್ದು ಸಿಗುವ ತಾಣ ಎಂದು ಕೊಂಡಾಡುತ್ತದೆ. ಬೇಸಿಲನ ಹೆಸರು ಕೇಳದವರು ಅದೇ ಕೆಲಸ ಮಾಡಿದ್ದರು! ಮುಂದೆ ಎರಡೂ ಧಾರೆಗಳು ನಮ್ಮ ನೆಲದಲ್ಲಿ ಕೂಡಿದವು. ಜರ್ಮನಿಯಿಂದ ಬಂದ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಪುಟ್ಟ ಔಷಧಾಲಯ ಆರಂಭಿಸಿದರು. 1906ರಲ್ಲಿ ಮೈಸೂರಿನಲ್ಲಿ ಮಿಷನ್ ಆಸ್ಪತ್ರೆ ಬಾಗಿಲು ತೆರೆಯಿತು. ಈ ಸಂಚಿಕೆಯ ಓದುಗರಲ್ಲೇ ಅಲ್ಲಿ ಹುಟ್ಟಿದವರು ಇದ್ದಾರು. ಹುಟ್ಟಿದಾಗ ಅವರ ಜಾತಿ ಮತ ಯಾರೂ ಕೇಳಿರಲಾರರು.

ಇನ್ನು ನನ್ನ ತಪ್ಪೊಪ್ಪಿಗೆ. 2020ರ ವಸಂತದಲ್ಲಿ ಕೋವಿಡ್ ಏರುತ್ತಿದ್ದಾಗ ನಮ್ಮ ಸಂಘದವರು ಮನೆಮನೆಗೆ ಅನ್ನ-ಹುಳಿ ಕಟ್ಟಿ ಹಂಚಿದರು. ಊರಿಗೆ ಹೋಗಲಾಗದೆ ಸಿಕ್ಕಿಕೊಂಡ ವಿದ್ಯಾರ್ಥಿಗಳನ್ನು, ತವರಿನಿಂದ ಅಮ್ಮ ಬರಲಾಗದ ಬಾಣಂತಿಯರನ್ನು ನೋಡಿಕೊಂಡರು. ನಾನೂ ದಿನವೂ ಡ್ಯೂಟಿ ಮುಗಿಸಿ ಬಂದು ಪಟ್ಟಿಯಲ್ಲಿದ್ದ ಮೂರು ಮನೆಗಳಿಗೆ ಫೋನ್ ಮಾಡುತ್ತಿದ್ದೆ. ಒಂದು ಬೆಳಿಗ್ಗೆ ಎದುರು ಮನೆಯ ಮುಂದೆ ಆಂಬುಲೆನ್ಸ್ ನಿಂತಿತು. ಅಲ್ಲಿ ಒಂಟಿಯಾಗಿದ್ದ ಮುದುಕರನ್ನು ಕರೆದೊಯ್ದರು. ಅವರು ಮರಳಲಿಲ್ಲ. ಒಂಬತ್ತು ವರ್ಷ ಎದುರುಬದುರಾಗಿ ಬಾಳಿದ್ದೆವು. ಅವರ ಹೆಸರು ನನಗೆ ತಿಳಿದದ್ದು ಪತ್ರಿಕೆಯ ನಿಧನವಾರ್ತೆಯಿಂದ. ಸಿಪ್ರಿಯನ್ನನ ವಿಷಯ ಓದಿಕೊಂಡಿದ್ದ ನಾನು ಫೋನ್ ಮಾಡುತ್ತಿದ್ದ ಮೂರೂ ಮನೆಗಳು ಕನ್ನಡದವೇ.

ಸಂಘ ಕಟ್ಟುವುದು ನಮ್ಮವರಿಗಾಗಿಯೇ, ಅದರಲ್ಲಿ ತಪ್ಪಿಲ್ಲ. ಪರದೇಶದಲ್ಲಿ ನಮ್ಮವರಿಗೆ ನಾವಲ್ಲದೆ ಇನ್ನಾರು? ಆದರೆ ಅಲ್ಲಿಗೇ ನಿಲ್ಲಬಾರದೆಂದು ನನಗೀಗ ಅನ್ನಿಸುತ್ತದೆ. ಕಷ್ಟದ ಕಾಲಕ್ಕೆಂದು ನಾವು ಇಟ್ಟುಕೊಳ್ಳುವ ಪಟ್ಟಿಯಲ್ಲಿ ಪ್ರತಿ ಕುಟುಂಬವೂ ಕನ್ನಡ ಬಾರದ ಒಂದು ಮನೆಯನ್ನು ಸೇರಿಸಿಕೊಂಡರೆ ಸಾಕು. ದೊಡ್ಡ ನಿಧಿ ಬೇಡ, ಸಮಿತಿ ಬೇಡ, ಸರದಿಯಿದ್ದರೆ ಸಾಕು.

ವಾರ್ಷಿಕೋತ್ಸವದ ಶುಭ ಹಾರೈಕೆಗಳು. ಅಂದಹಾಗೆ, ಎದುರು ಮನೆಗೆ ಈಗ ಬೇರೆಯವರು ಬಂದಿದ್ದಾರೆ. ಅವರ ಹೆಸರು ನನಗೆ ಗೊತ್ತಿದೆ.