ಗೋಡೆಯ ಸೊಳ್ಳೆ, ಹರವಿಯ ಸೊಳ್ಳೆ

ನಮ್ಮ ಶಿರೋಳ ತಾಲೂಕಿನ ಜನ ಕಾಲವನ್ನು ಮಹಾಪೂರದಿಂದ ಎಣಿಸುತ್ತಾರೆ. 2005, 2019, 2021 – ಯಾವ ವರ್ಷ ನೀರು ಯಾವ ಓಣಿಯ ಯಾವ ಮೆಟ್ಟಿಲಿಗೆ ಬಂದಿತ್ತೆಂಬುದು ಮಕ್ಕಳಿಗೂ ಗೊತ್ತು. ನೀರಿಳಿದ ಮೇಲೆ ಬಂದ ಜ್ವರವನ್ನು ಮಾತ್ರ ಯಾರೂ ಅಷ್ಟು ನೆನಪಿಡುವುದಿಲ್ಲ.

ಕೊಲ್ಹಾಪುರ ಜಿಲ್ಲೆಯ ಈ ಮೂಲೆ ಕಾಸರಗೋಡಿನ ಓದುಗರಿಗೆ ದೂರದ್ದು. ಕೃಷ್ಣಾ, ಪಂಚಗಂಗಾ ನದಿಗಳು ನರಸೋಬಾವಾಡಿಯಲ್ಲಿ ಕೂಡುತ್ತವೆ, ಸುತ್ತೆಲ್ಲ ಕಬ್ಬು. ಖಿದ್ರಾಪುರದ ಕೋಪೇಶ್ವರ ಗುಡಿಯಲ್ಲಿ ಕನ್ನಡ ಶಾಸನಗಳಿವೆ. ನನ್ನಂಥವರಿಗೆ ಮನೆಯಲ್ಲಿ ಕನ್ನಡ, ಬ್ಯಾಂಕಿನ ಕೌಂಟರಿನಲ್ಲಿ ಮರಾಠಿ. ನಿಮ್ಮ ಕಡೆ ಮಲಯಾಳ ಇರುವ ಹಾಗೆ.

ಚಳಿಜ್ವರದ ಕಥೆಯಲ್ಲಿ ಕನ್ನಡ ಜಿಲ್ಲೆಗಳಿಗೆ ದೊಡ್ಡ ಪಾತ್ರವಿದೆ. ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು, 8 ಲಕ್ಷ ಜನ ಸಾಯುತ್ತಿದ್ದರು ಎಂದು ಅಂದಾಜು. ಆ ಹೊತ್ತಿಗೆ, 1946ರಲ್ಲಿ, ಆಗಿನ ಮುಂಬಯಿ ಪ್ರಾಂತದ ಧಾರವಾಡ ಮತ್ತು ಕಾರವಾರ ಜಿಲ್ಲೆಗಳ ಹಳ್ಳಿಗಳಲ್ಲಿ ಡಾ. ಡಿ. ಕೆ. ವಿಶ್ವನಾಥನ್ ಹಾಗೂ ಟಿ. ರಾಮಚಂದ್ರ ರಾವ್ ಅವರು ಮನೆಗೋಡೆಗಳಿಗೆ ಡಿ.ಡಿ.ಟಿ. ಹೊಡೆಸಿ ನೋಡಿದರು. ಉಪಾಯ ಸರಳ. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ರಾತ್ರಿ ರಕ್ತ ಹೀರಿ, ಭಾರವಾದ ಹೊಟ್ಟೆಯೊಂದಿಗೆ ಮನೆಯ ಅಥವಾ ದನದ ಕೊಟ್ಟಿಗೆಯ ಗೋಡೆಯ ಮೇಲೆ ಕೂತು ಸುಧಾರಿಸಿಕೊಳ್ಳುತ್ತದೆ. ಅದು ಕೂರುವ ಜಾಗಕ್ಕೇ ವಿಷ ಬಳಿದರೆ ಜ್ವರ ಇನ್ನೊಬ್ಬರಿಗೆ ದಾಟುವುದಿಲ್ಲ. ಅಲ್ಲಿಯ ಫಲ ನೋಡಿಯೇ ಪ್ರಾಂತದ ಉಳಿದ ಕಡೆ ಕೆಲಸ ಬೆಳೆಯಿತು; 1953ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ನಮ್ಮ ಕೊಲ್ಹಾಪುರ ಸಂಸ್ಥಾನ 1949ರ ಮಾರ್ಚ್ 1ರಂದು ಮುಂಬಯಿಗೆ ಸೇರಿತ್ತು. 1956ರ ನವೆಂಬರ್ 1ರಂದು ಧಾರವಾಡ, ಕಾರವಾರ ಮೈಸೂರು ರಾಜ್ಯಕ್ಕೆ ಹೋದವು. ಅದೇ ದಿನ ನೀವು ಕೇರಳಕ್ಕೆ. ನಾವು ಇದ್ದಲ್ಲಿಯೇ ಉಳಿದೆವು.

ಪಂಪು ಹೊತ್ತ ಜನ ಬಂದರೆ ಹಿಟ್ಟು, ಪಾತ್ರೆ, ಹಾಸಿಗೆಯೆಲ್ಲ ಅಂಗಳಕ್ಕೆ ಹೊರಬೇಕಾಗುತ್ತಿತ್ತೆಂದು ನಮ್ಮ ಅವ್ವ ಹೇಳುತ್ತಾಳೆ. ಗೋಡೆಯ ಮೇಲೆ ಬಿಳಿ ಕಲೆ ಉಳಿಯುತ್ತಿತ್ತು. ಹಬ್ಬ ಬಂತೆಂದು ಹೆಂಗಸರು ಅದರ ಮೇಲೆ ಸಾರಿಸಿಬಿಡುತ್ತಿದ್ದರು. ಔಷಧದ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು.

1965ರ ಹೊತ್ತಿಗೆ ದೇಶದ ಮಲೇರಿಯಾ ಒಂದು ಲಕ್ಷದ ಆಸುಪಾಸಿಗೆ ಇಳಿಯಿತು. 1976ರಲ್ಲಿ ಮತ್ತೆ 64 ಲಕ್ಷಕ್ಕೆ ಏರಿತು. ಸೊಳ್ಳೆಗಳು ವಿಷಕ್ಕೆ ಒಗ್ಗಿಕೊಂಡಿದ್ದವು, ನಿಗಾ ಸಡಿಲಾಗಿತ್ತು. (ವಿಷ ಸಿಂಪಡಣೆಯ ಇನ್ನೊಂದು ಮುಖ, ಗೇರುತೋಟಗಳ ಎಂಡೋಸಲ್ಫಾನ್ ಕಂಡ ನಿಮಗೆ ನಾನು ಹೇಳಬೇಕಾಗಿಲ್ಲ.) ಆದರೂ ಆ ಸಿಂಪಡಣೆ ಅಸಂಖ್ಯ ಜೀವ ಉಳಿಸಿತು. ಜೊತೆಗೆ ಒಂದು ರೂಢಿಯನ್ನೂ ಬಿಟ್ಟು ಹೋಯಿತೆಂದು ನನ್ನ ಅನಿಸಿಕೆ: ಸೊಳ್ಳೆ ಎಂದರೆ ಸರಕಾರದ ಕೆಲಸ. ಇಂದಿಗೂ ಜ್ವರ ಬಂದರೆ ಹೊಗೆಯ ಗಾಡಿ ಯಾಕೆ ಬರಲಿಲ್ಲವೆಂದು ಕೇಳುತ್ತೇವೆ. ಆ ಹೊಗೆ ಹಾರುವ ಸೊಳ್ಳೆಗೆ ಮಾತ್ರ. ನೀರಿನೊಳಗಿನ ಮರಿಗೆ ಅದು ತಾಗುವುದೇ ಇಲ್ಲ.

ಈಗಿನ ಡೆಂಗ್ಯೂ, ಚಿಕುನ್‌ಗುನ್ಯಾದ ಸೊಳ್ಳೆಯ ಜಾತಿಯೇ ಬೇರೆ. 1973ರಲ್ಲಿ ಸೋಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ಚಿಕುನ್‌ಗುನ್ಯಾ ಕಾಣಿಸಿತ್ತು. ಆಮೇಲೆ ಮೂರು ದಶಕ ಸುದ್ದಿಯಿಲ್ಲ. 2006ರಲ್ಲಿ ಕರ್ನಾಟಕ, ಮಹಾರಾಷ್ಟ್ರ, ಕೇರಳ ಸೇರಿ ದೇಶದಲ್ಲಿ 13 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳಾದವು. ಇದನ್ನು ಹರಡುವ ಈಡಿಸ್ ಹಗಲಿನಲ್ಲಿ ಕಚ್ಚುತ್ತದೆ. ಗೋಡೆಗಿಂತ ತೂಗುಹಾಕಿದ ಅರಿವೆ, ಮಂಚದ ಅಡಿಯ ಕತ್ತಲೆಯೇ ಅದಕ್ಕೆ ಇಷ್ಟ. ಬೆಳೆಯುವುದು ನಾವು ತುಂಬಿಟ್ಟ ಒಳ್ಳೆಯ ನೀರಿನಲ್ಲಿ. ಮಹಾಪೂರದಲ್ಲಿ ನಳ ನಿಂತು ಟ್ಯಾಂಕರ್ ಬಂದಾಗ ಹರವಿ, ಹಂಡೆ, ಬ್ಯಾರಲ್ ಎಲ್ಲ ತುಂಬುತ್ತವೆ. ಊರ ತುಂಬ ನೀರಿದ್ದರೂ ಈ ಸೊಳ್ಳೆ ಹುಡುಕುವುದು ಆ ಬ್ಯಾರಲನ್ನೇ. ನಿಮ್ಮಲ್ಲಿ ಅಡಕೆಯ ಹಾಳೆ, ತೆಂಗಿನ ಗೆರಟೆ, ರಬ್ಬರ್ ಹಾಲಿನ ಬಟ್ಟಲು.

ಈ ಪಾಠ ಡಿ.ಡಿ.ಟಿ.ಗಿಂತ ಹಳೆಯದು, ಅದೂ ಕನ್ನಡ ನೆಲದ್ದೇ. ಮಲೇರಿಯಾಕ್ಕೂ ಸೊಳ್ಳೆಗೂ ಇರುವ ನಂಟನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ಬಿಡಿಸಿ, 1902ರ ನೊಬೆಲ್ ಪಡೆದ ರೊನಾಲ್ಡ್ ರಾಸ್, 1883ರಲ್ಲಿ ಬೆಂಗಳೂರಿನ ದಂಡಿನ ವೈದ್ಯನಾಗಿದ್ದ. ತನ್ನ ಕೋಣೆಯಲ್ಲಿ ಸೊಳ್ಳೆ ವಿಪರೀತವಾದಾಗ ಹುಡುಕಿದ. ಕಿಟಕಿಯ ಹೊರಗಿನ ನೀರಿನ ತೊಟ್ಟಿಯಲ್ಲಿ ಮರಿಗಳು ಕಂಡವು. ತೊಟ್ಟಿ ಬೋರಲು ಹಾಕಿದ, ಸೊಳ್ಳೆ ಕಡಿಮೆಯಾಯಿತು. ಉಳಿದ ತೊಟ್ಟಿಗಳನ್ನೂ ಖಾಲಿ ಮಾಡಿಸೋಣವೆಂದರೆ ಮೇಲಿನ ಸಾಹೇಬರು ಒಪ್ಪಲಿಲ್ಲ: ಸೊಳ್ಳೆಯೂ ಸೃಷ್ಟಿಯ ಭಾಗ, ಸಹಿಸಿಕೊಳ್ಳಬೇಕು ಎಂದರಂತೆ!

ಬೋರಲು ಹಾಕಿದರಷ್ಟೇ ಸಾಲದೆಂಬುದು ಆಮೇಲೆ ತಿಳಿದದ್ದು. ಈಡಿಸ್ ತತ್ತಿಗಳು ನೀರಿನ ಅಂಚಿಗೆ ಪಾತ್ರೆಯ ಒಳಮೈಗೆ ಅಂಟಿರುತ್ತವೆ. ಒಣಗಿದರೂ ತಿಂಗಳುಗಟ್ಟಲೆ ಬದುಕಿದ್ದು, ಮತ್ತೆ ನೀರು ಸೋಕಿದಾಗ ಒಡೆಯುತ್ತವೆ. ಆದ್ದರಿಂದ ತಿಕ್ಕಬೇಕು, ಮೇಲೆ ಅರಿವೆ ಕಟ್ಟಬೇಕು. ತತ್ತಿ ಸೊಳ್ಳೆಯಾಗಲು ಎಂಟು-ಹತ್ತು ದಿನ ಬೇಕು, ಹಾಗಾಗಿ ವಾರಕ್ಕೊಮ್ಮೆ. ಖಾಲಿ ಮಾಡಲಾಗದ ದನದ ಬಾನಿಗೆ ಗಪ್ಪಿ ಮೀನು ಬಿಟ್ಟರಾಯಿತು.

ಆರೋಗ್ಯ ಇಲಾಖೆಯ ಮರಾಠಿ ಚೀಟಿಯಲ್ಲಿ ಇದಕ್ಕೆ ‘ಕೋರಡಾ ದಿವಸ’ ಎಂದಿದೆ, ಅಂದರೆ ಒಣ ದಿನ. ನಾನು ಓದಿ ಹೇಳಿದಾಗ ಅವ್ವ ನಕ್ಕು, “ಕೊರಡಿನ ದಿನ ಏನೋ?” ಅಂದಳು. ನಮ್ಮ ಮನೆಯಲ್ಲಿ ಅದೀಗ ‘ಹರವಿ ತಿಕ್ಕೋ ದಿನ’. ಶುಕ್ರವಾರ ಮುಂಜಾನೆ ನಳ ಬರುವ ಮೊದಲು ತಿಕ್ಕಿ ಮುಗಿಸುತ್ತೇವೆ. ಪಕ್ಕದ ಮರಾಠಿ ಮನೆಯವರೂ ಈಗ ಅದೇ ಹೆಸರಿನಿಂದ ಕರೆಯುತ್ತಾರೆ.