ಬೂದಿಯ ವ್ಯಾಪಾರ

1992ರ ಜೂನ್ 6ರಂದು ನಾರ್ವೆ ದೇಶದ ಬರ್ಗೆನ್ ನಗರದ ಸಮೀಪದಲ್ಲಿದ್ದ ಫಾಂಟೋಫ್ಟ್ ಇಗರ್ಜಿಯು ಉರಿದು ಬೂದಿಯಾಯಿತು. ಸುಮಾರು 1150ರಲ್ಲಿ ಫೋರ್ಟೂನ್ ಎಂಬಲ್ಲಿ ಮರದಿಂದ ನಿರ್ಮಿತವಾಗಿದ್ದ ಆ ಮಂದಿರಕ್ಕೆ ಕೆಡವಲ್ಪಡುವ ಭಯ ಒದಗಿದಾಗ, 1883ರಲ್ಲಿ ಅದನ್ನು ಬಿಚ್ಚಿ ತಂದು ಫಾಂಟೋಫ್ಟಿನಲ್ಲಿ ಮರಳಿ ಜೋಡಿಸಿದ್ದರು. ಹೀಗೆ ಶ್ರಮಪಟ್ಟು ಉಳಿಸಿಕೊಂಡದ್ದು ಒಂದೇ ದಿನದಲ್ಲಿ ಇಲ್ಲವಾಯಿತು.

ಇದರ ಹಿನ್ನೆಲೆಯಲ್ಲಿದ್ದುದು ಯಾವ ಧರ್ಮಯುದ್ಧವೂ ಅಲ್ಲ, ಒಂದು ಸಂಗೀತದ ಗುಂಪು. 'ಬ್ಲ್ಯಾಕ್ ಮೆಟಲ್' ಎಂಬ ಹೆಸರು ಇಂಗ್ಲೆಂಡಿನ ವೆನಮ್ ತಂಡದ 1982ರ ಧ್ವನಿಮುದ್ರಿಕೆಯಿಂದ ಬಂದದ್ದು. ಆ ತಂಡಕ್ಕೆ ಸೈತಾನನು ರಂಗದ ಮೇಲಿನ ವೇಷ ಮಾತ್ರ. ನಾರ್ವೆಯ ಕೆಲವು ತರುಣರು ಆ ವೇಷವನ್ನೇ ವ್ರತವಾಗಿ ಸ್ವೀಕರಿಸಿದರು. ಮೇಹೆಮ್ ತಂಡದ ಓಯ್‌ಸ್ಟೈನ್ ಆರ್ಸೆತ್ 1991ರಲ್ಲಿ ಓಸ್ಲೋದಲ್ಲಿ ಧ್ವನಿಮುದ್ರಿಕೆಗಳ ಅಂಗಡಿಯೊಂದನ್ನು ತೆರೆದನು. ಅದರ ಹೆಸರು 'ಹೆಲ್ವೆಟೆ', ಅಂದರೆ ನರಕ. ಅದೇ ವರ್ಷ ತಂಡದ ಗಾಯಕನು ಆತ್ಮಹತ್ಯೆ ಮಾಡಿಕೊಂಡಾಗ, ಆರ್ಸೆತ್ ಆ ಮರಣವನ್ನೂ ತಂಡದ ಭಯಂಕರ ಕೀರ್ತಿಗೆ ಬಳಸಿಕೊಂಡನು. ಅಲ್ಲಿ ಕ್ರೌರ್ಯದ ಮಾತೇ ಗೌರವದ ಅಳತೆಗೋಲಾಯಿತು. ಒಬ್ಬನಿಗಿಂತ ಒಬ್ಬನು ಹೆಚ್ಚು ಕ್ರೂರನೆಂದು ತೋರಿಸಿಕೊಳ್ಳಬೇಕಾಯಿತು.

ಮಾತು ಕೃತಿಯಾಗಲು ಬಹಳ ಕಾಲ ಹಿಡಿಯಲಿಲ್ಲ. 1992ರ ಆಗಸ್ಟ್ 21ರಂದು ಲಿಲ್ಲೆಹಾಮರ್‌ನಲ್ಲಿ ಈ ಗುಂಪಿನ ಒಬ್ಬ ವಾದಕನು ಅಪರಿಚಿತನೊಬ್ಬನನ್ನು ಇರಿದು ಕೊಂದನು. ಎರಡೇ ದಿನಗಳಲ್ಲಿ ಓಸ್ಲೋದ ಹೋಲ್ಮೆನ್‌ಕೊಲೆನ್ ಪ್ರಾರ್ಥನಾಮಂದಿರ ಸುಟ್ಟುಹೋಯಿತು. ಕೊನೆಗೆ ಹಿಂಸೆಯು ಮನೆಯೊಳಗೇ ತಿರುಗಿತು. 1993ರ ಆಗಸ್ಟ್ 10ರಂದು ಆರ್ಸೆತ್‌ನನ್ನು ಅವನ ಸಂಗಡಿಗನಾದ ವಾರ್ಗ್ ವಿಕೆರ್ನೆಸ್ ಕೊಂದನು. ಈ ಕೊಲೆಗೂ ಇಗರ್ಜಿಗಳ ದಹನಕ್ಕೂ 1994ರಲ್ಲಿ ಅವನಿಗೆ 21 ವರ್ಷಗಳ ಶಿಕ್ಷೆಯಾಯಿತು. ಫಾಂಟೋಫ್ಟ್ ಪ್ರಕರಣದಲ್ಲಿ ಮಾತ್ರ ಅವನು ದೋಷಿಯೆಂದು ತೀರ್ಮಾನವಾಗಲಿಲ್ಲ. 2009ರಲ್ಲಿ ಬಿಡುಗಡೆ ಹೊಂದಿದ ಅವನನ್ನು 2014ರಲ್ಲಿ ಫ್ರಾನ್ಸಿನ ನ್ಯಾಯಾಲಯವು ಜನಾಂಗದ್ವೇಷ ಕೆರಳಿಸಿದ ಅಪರಾಧಕ್ಕಾಗಿ ದಂಡಿಸಿತು. ಸೈತಾನನ ಹೆಸರು ಹಿಂದೆ ಸರಿದಿತ್ತು, ದ್ವೇಷ ಉಳಿದಿತ್ತು.

ವ್ಯಾಪಾರಿಯ ಕಣ್ಣಿಗೆ ಬೀಳುವ ಒಂದು ಸಂಗತಿ ಇಲ್ಲಿದೆ. 1993ರಲ್ಲಿ ವಿಕೆರ್ನೆಸ್‌ನ 'ಆಸ್ಕೆ', ಅಂದರೆ ಬೂದಿ, ಎಂಬ ಮುದ್ರಿಕೆ ಹೊರಬಂದಿತು. ಅದರ ಹೊದಿಕೆಯ ಮೇಲೆ ಸುಟ್ಟ ಫಾಂಟೋಫ್ಟಿನ ಚಿತ್ರ. ಆರಂಭದ ಪ್ರತಿಗಳೊಡನೆ ಒಂದೊಂದು ಸಿಗರೇಟು ಲೈಟರು ಉಡುಗೊರೆ! ಪ್ರಕಟಿಸಿದವನು ಆರ್ಸೆತ್. ಮಾರುವವರಿದ್ದರು, ಕೊಳ್ಳುವವರೂ ಇದ್ದರು. ಕೊಂಡವರಲ್ಲಿ ಬಹುಮಂದಿ ಒಂದು ಕಡ್ಡಿಯನ್ನೂ ಗೀರಿದವರಲ್ಲ. ಈ ಸಂಗೀತದ ಕಲಾವಿದರಲ್ಲಿಯೂ ಹೆಚ್ಚಿನವರು ನಿರಪರಾಧಿಗಳೇ. ಆದರೂ ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಮೆಚ್ಚುವುದು ಇವು ಮೂರೂ ಬೇರೆಬೇರೆಯೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭವೇ?

ಮೆಚ್ಚುಗೆಯ ಫಲ ಎಷ್ಟು ದೂರ ಸಾಗಬಲ್ಲದೆಂಬುದಕ್ಕೆ 2019ರ ಘಟನೆಯೇ ಸಾಕ್ಷಿ. ಅಮೆರಿಕದ ಲೂಸಿಯಾನದಲ್ಲಿ 21 ವರ್ಷದ ತರುಣನೊಬ್ಬನು ಹತ್ತು ದಿನಗಳಲ್ಲಿ ಕಪ್ಪು ಜನರ ಮೂರು ಇಗರ್ಜಿಗಳನ್ನು ಸುಟ್ಟನು. ಬ್ಲ್ಯಾಕ್ ಮೆಟಲ್ ಸಂಗೀತಗಾರನಾಗಿ ಹೆಸರು ಗಳಿಸಲು ನಾರ್ವೆಯವರನ್ನು ಅನುಕರಿಸಿದೆನೆಂದು ಅವನೇ ಒಪ್ಪಿಕೊಂಡನು. ನಾರ್ವೆಯಲ್ಲಿ ಬೆಂಕಿ ಬಿದ್ದಾಗ ಅವನಿನ್ನೂ ಹುಟ್ಟಿಯೇ ಇರಲಿಲ್ಲ.

ಫಾಂಟೋಫ್ಟ್ ಇಗರ್ಜಿಯನ್ನು 1997ರಲ್ಲಿ ಮತ್ತೆ ಕಟ್ಟಿ ಮುಗಿಸಿದರು. ರೂಪ ಹಳೆಯದೇ, ಮರ ಮಾತ್ರ ಹೊಸದು.